ತುಂಬಿದ ಕೆರೆಯಲ್ಲೂ ಮೀನಿಗೆ ಇಕ್ಕಟ್ಟು

ಮಾನ್ಯರೇ,

ಏಪ್ರಿಲ್ ಬಂತೆಂದರೆ ಊರಿನ ಎಷ್ಟೋ ಅಪ್ಪ-ಅಮ್ಮಂದಿರು ಅಮೆರಿಕದ ಮಕ್ಕಳ ಮನೆಗೆ ಹೊರಡುತ್ತಾರೆ. ನಾನಿರುವ ಮಿನ್ನೆಸೋಟಕ್ಕೆ ಬರುವವರೂ ಕಡಿಮೆಯೇನಿಲ್ಲ. ಬಂದ ಎರಡನೇ ವಾರಕ್ಕೆ ಮಗನೋ ಅಳಿಯನೋ ಬಾಡಿಗೆ ದೋಣಿಯಲ್ಲಿ ಕೂರಿಸಿಕೊಂಡು ಮೀನು ಹಿಡಿಯಲು ಕರೆದೊಯ್ಯುತ್ತಾರೆ. ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ಫೋಟೊ ಬರುತ್ತದೆ. ಮೊಳದುದ್ದದ ಮೀನನ್ನು ಎದೆಯೆತ್ತರಕ್ಕೆ ಹಿಡಿದ ಮಾವನವರು, ಕೆಳಗೆ ‘ಫೋಟೊ ತೆಗೆದು ಬಿಟ್ಟುಬಿಟ್ಟೆವು, ಪಾಪ’ ಎಂಬ ಒಂದು ಸಾಲು. ಈ ಪತ್ರ ಬರೆಯುತ್ತಿರುವುದು ಆ ಸಾಲಿನ ಕಾರಣಕ್ಕೆ. ಜುಲೈ, ಆಗಸ್ಟ್‌ನಲ್ಲಿ ಆಳದಿಂದ ಎಳೆದ ಮೀನನ್ನು ನೀರಿಗೆ ಬಿಟ್ಟರೂ ಅದು ಬಹಳ ಸಲ ಬದುಕುವುದಿಲ್ಲ. ಬಿಟ್ಟವರಿಗೆ ಅದು ಗೊತ್ತೇ ಆಗುವುದಿಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ಸೇಂಟ್ ಕ್ಲೌಡ್ ಎಂಬ ಊರಿಗೆ ಬಂದು 19 ವರ್ಷವಾಯಿತು. ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿ ಒಂದಿದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ರಜೆ ಸಿಕ್ಕ ದಿನವೆಲ್ಲ ನಾನು ನೀರಿನ ಮೇಲೆಯೇ ಇರುತ್ತೇನೆ. ಗಾಳ ಹಾಕುವುದನ್ನು ಕಲಿಸಿದವರು ಅಪ್ಪ. ಬಿದಿರಿನ ಕೋಲು, ನವಿಲುಗರಿಯ ದಂಟಿನ ಬೆಂಡು, ತೆಂಗಿನ ಗರಟದಲ್ಲಿ ಮಣ್ಣು ಹಾಕಿ ಇಟ್ಟ ಎರೆಹುಳ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಮಂಡಕ್ಕಿ ಎಸೆದು ಮೀನು ನೋಡಿದ್ದೂ ಅವರ ಜೊತೆಯೇ. ‘ಇಲ್ಲಿಯ ಮೀನು ಮುಟ್ಟಬಾರದು, ನಮ್ಮ ಹಳ್ಳದ ಮೀನು ಬೇಕಾದಷ್ಟೇ ಹಿಡಿಯಬೇಕು’ ಎಂದು ಅವರು ಹೇಳುತ್ತಿದ್ದ ಎರಡು ಮಾತಲ್ಲಿ ಯಾವುದೂ ನನಗೆ ಆಗ ವಿಚಿತ್ರ ಎನಿಸಿರಲಿಲ್ಲ, ಈಗಲೂ ಎನಿಸುವುದಿಲ್ಲ.

ಅಮ್ಮನ ತವರು ಸೊರಬದ ಕಡೆ. ಬೇಸಿಗೆಯಲ್ಲಿ ಅಲ್ಲಿ ಕೆರೆಬೇಟೆ ನಡೆಯುತ್ತದೆ. ನೀರು ಬತ್ತಿ ಮೊಣಕಾಲಿಗೆ ಇಳಿದ ಕೆರೆಗೆ ಊರಿಗೆ ಊರೇ ಕೂಣಿ ಎಂಬ ತಳವಿಲ್ಲದ ಬಿದಿರಿನ ಬುಟ್ಟಿ ಹಿಡಿದು ನುಗ್ಗುತ್ತದೆ. ಕೂಣಿ ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿದರೆ ಒಳಗೆ ಮೀನು ಬಡಿದಾಡುವುದು ಅಂಗೈಗೆ ತಾಗುತ್ತದೆ. ಅಷ್ಟು ಸುಲಭಕ್ಕೆ ಮೀನು ಸಿಗುವುದು ಯಾಕೆಂದರೆ ಕೆರೆಯ ಮೀನೆಲ್ಲ ಉಳಿದ ಒಂದಿಷ್ಟು ನೀರಿನಲ್ಲಿ ಇಕ್ಕಟ್ಟಾಗಿ ಸೇರಿಕೊಂಡಿರುತ್ತದೆ. ಮಿನ್ನೆಸೋಟಕ್ಕೆ ಬಂದ ಮೊದಲ ಕೆಲವು ವರ್ಷ ನಾನು ತಪ್ಪಿದ್ದು ಇಲ್ಲಿಯೇ. ಇಲ್ಲಿ ಜುಲೈ ತಿಂಗಳಲ್ಲೂ ಕೆರೆ ದಡ ಮುಟ್ಟಿ ತುಂಬಿರುತ್ತದೆ, ಹಾಗಾಗಿ ಮೀನಿಗೆ ಏನು ಕಷ್ಟ ಎಂದುಕೊಂಡಿದ್ದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಆದರೆ ತುಂಬಿದ ಕೆರೆಯೊಳಗೂ ಮೀನಿಗೆ ಕೆರೆಬೇಟೆಯ ಇಕ್ಕಟ್ಟೇ ಆಗಿರುತ್ತದೆ.

ಈ ಕೆರೆಗಳನ್ನು ಯಾರೂ ಕಟ್ಟಿಸಿದ್ದಲ್ಲ. ಹಿಮಗಡ್ಡೆಗಳು ಸಾವಿರಾರು ವರ್ಷಗಳ ಹಿಂದೆ ನೆಲ ಕೊರೆದು, ಕರಗಿ ಬಿಟ್ಟುಹೋದ ಗುಂಡಿಗಳು. ಹತ್ತು ಎಕರೆಗಿಂತ ದೊಡ್ಡವೇ ಈ ರಾಜ್ಯದಲ್ಲಿ 11,842 ಇವೆ. ಹಲವು ಬಹಳ ಆಳ. ಚಳಿಗಾಲದಲ್ಲಿ ಮೇಲೆ ಗಟ್ಟಿ ಹಿಮ ಕಟ್ಟುತ್ತದೆ, ಏಪ್ರಿಲ್ ಹೊತ್ತಿಗೆ ಒಡೆಯುತ್ತದೆ. ನೀರು ಅತ್ಯಂತ ಭಾರ ಇರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಿಮ ಕರಗಿದ ಮೇಲೆ ಇಡೀ ಕೆರೆ ಹೆಚ್ಚುಕಡಿಮೆ ಅದೇ ತಂಪಿಗೆ ಬಂದಾಗ ಗಾಳಿ ಅದನ್ನು ಮೇಲಿಂದ ಕೆಳಗಿನವರೆಗೆ ಕಲಕಿ ಹಾಕುತ್ತದೆ, ತಳಕ್ಕೂ ಆಮ್ಲಜನಕ ತಲುಪುತ್ತದೆ. ಆಮೇಲೆ ಬಿಸಿಲು ಏರುತ್ತದೆ. ಮೇಲಿನ ನೀರು ಬೆಚ್ಚಗಾಗಿ ಹಗುರವಾಗುತ್ತದೆ, ಕೆಳಗಿನ ತಣ್ಣೀರಿನ ಮೇಲೆ ಎಣ್ಣೆಯಂತೆ ನಿಂತುಬಿಡುತ್ತದೆ. ಜೂನ್ ಕೊನೆಗೆ ಗಾಳಿ ಎಷ್ಟು ಬೀಸಿದರೂ ಎರಡೂ ಬೆರೆಯುವುದಿಲ್ಲ. ಮೇಲಿನಿಂದ ಉದುರಿದ ಪಾಚಿ, ಸತ್ತ ಗಿಡ ಎಲ್ಲ ತಳದಲ್ಲಿ ಕೊಳೆಯುತ್ತ ಅಲ್ಲಿದ್ದ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಹೊಸದಾಗಿ ಬರಲು ದಾರಿಯಿಲ್ಲ. ಸುತ್ತ ಹೊಲ, ಮನೆ ಇದ್ದು ಗೊಬ್ಬರ ಹರಿದು ಬರುವ ಕೆರೆಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದು ಮಗಳ ಶಾಲೆಯ ವಿಜ್ಞಾನದ ಪ್ರಾಜೆಕ್ಟ್‌ನಿಂದ. ಒಂದು ಗಾಜಿನ ಬಾಟಲಿ, ಬುಡಕ್ಕೆ ಕಟ್ಟಿದ ಕಲ್ಲು, ಬಾಯಿಗೆ ಬಿರಡೆ, ಬಿರಡೆಗೆ ಬೇರೆಯದೇ ದಾರ. ಬಾಟಲಿಯ ದಾರಕ್ಕೆ ಐದೈದು ಅಡಿಗೆ ಗಂಟು ಹಾಕಿದೆವು. ಬೇಕಾದ ಆಳಕ್ಕೆ ಇಳಿಸಿ, ಬಿರಡೆಯ ದಾರ ಜಗ್ಗಿದರೆ ಆ ಆಳದ ನೀರೇ ತುಂಬುತ್ತದೆ. ಮೇಲೆ ತಂದ ಕೂಡಲೇ ಥರ್ಮಾಮೀಟರ್ ಹಾಕುವುದು. ಜುಲೈ ಮಧ್ಯದ ಒಂದು ಭಾನುವಾರ ಮೇಲೆ 25 ಡಿಗ್ರಿ ಇತ್ತು. ಹದಿನೈದು ಅಡಿಯಲ್ಲಿ 24. ಇಪ್ಪತ್ತರಲ್ಲಿ 21. ಇಪ್ಪತ್ತೈದರಲ್ಲಿ ನೋಡಿದರೆ 15! ಮಗಳು ನನ್ನ ಕೈ ತಪ್ಪಿರಬೇಕೆಂದು ಮತ್ತೆ ಇಳಿಸಿದಳು, ಮತ್ತೆ ಅಷ್ಟೇ. ನಲವತ್ತು ಅಡಿಯ ಬಾಟಲಿ ಕೈಗೆ ಬಂದಾಗ ಗಾಜಿನ ಹೊರಮೈ ಬೆವರಿತ್ತು, ಬಿರಡೆ ತೆಗೆದ ಜಾಗದಿಂದ ಕೊಳೆತ ಮೊಟ್ಟೆಯ ಸಣ್ಣ ವಾಸನೆ ಬಂತು. ಆ ನೀರಿನಲ್ಲಿ ಯಾವ ಮೀನೂ ಉಸಿರಾಡಲಾರದು. ಅಂದರೆ ಅಷ್ಟು ದೊಡ್ಡ ಕೆರೆಯಲ್ಲಿ ತಂಪು ಬಯಸುವ ಮೀನಿಗೆ ಉಳಿದಿದ್ದು ಮೇಲಿನ ಸೆಖೆ ಮತ್ತು ಕೆಳಗಿನ ಉಸಿರಿಲ್ಲದ ನೀರಿನ ನಡುವಿನ ಒಂದು ತೆಳುವಾದ ಪದರ.

ಟಲಿಬಿ ಎಂಬ ಬೆಳ್ಳಗಿನ ಮೀನಿಗೆ ಈ ಪದರವೇ ಜೀವ. ಕೆಟ್ಟ ಸೆಖೆಯ ವರ್ಷ ಆ ಪದರವೂ ಕರಗಿಹೋದರೆ ಟಲಿಬಿಗಳು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಂದು ಬೀಳುತ್ತವೆ. ಇಲ್ಲಿಯ ಪೈಕ್, ಮಸ್ಕಿ, ವಾಲೈ ಎಂಬ ದೊಡ್ಡ ಬೇಟೆಮೀನುಗಳು ಕೊಬ್ಬುವುದು ಈ ಟಲಿಬಿ ತಿಂದೇ.

ಇನ್ನು ವಾಲೈ. ಮಿನ್ನೆಸೋಟದ ರಾಜ್ಯಮೀನು ಅದು, ಊಟಕ್ಕೂ ಅದೇ ಎಲ್ಲಕ್ಕಿಂತ ರುಚಿ, ಬಂದವರೆಲ್ಲ ಕೇಳುವುದೂ ಅದನ್ನೇ. ಅದರ ಕಣ್ಣು ರಾತ್ರಿ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮಬ್ಬು ಬೆಳಕಿನಲ್ಲಿ ಉಳಿದ ಮೀನಿಗೆ ಕಾಣದ್ದು ಅದಕ್ಕೆ ಕಾಣುತ್ತದೆ. ಹಾಗಾಗಿ ಬೇಸಿಗೆಯ ಹಗಲು ಅದು ಬೆಳಕಿನಿಂದ ದೂರ, ಆಳದ ಅಂಚಿನಲ್ಲಿ ಸುಮ್ಮನಿರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಹತ್ತು ಹನ್ನೆರಡು ಅಡಿಯ ನೀರಿಗೆ, ಜಲಸಸ್ಯದ ಅಂಚಿಗೆ, ಕಲ್ಲುದಿಬ್ಬದ ಮೇಲಕ್ಕೆ ಬೇಟೆಗೆ ಬರುತ್ತದೆ. ಬಾಡಿಗೆ ದೋಣಿಯವರು ಹೋಗುವುದು ಬೆಳಗಿನ ತಿಂಡಿ ಮುಗಿಸಿ ಹತ್ತು ಗಂಟೆಗೆ. ದೋಣಿಯ ಸೋನಾರ್ ಪರದೆಯಲ್ಲಿ 35 ಅಡಿ ಆಳದಲ್ಲಿ ಮೀನು ಕಾಣುತ್ತದೆ, ಅಲ್ಲಿಗೇ ಗಾಳ ಇಳಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಎಂಟು ವರ್ಷದ ಹಿಂದಿನ ಜುಲೈ. ಹಗಲು ಹನ್ನೊಂದಕ್ಕೆ 36 ಅಡಿಯಿಂದ ಒಂದು ವಾಲೈ ಎಳೆದೆ. ನನ್ನ ಮೊಳಕ್ಕಿಂತ ಉದ್ದ. ಅಷ್ಟು ದೊಡ್ಡದು ಮೊಟ್ಟೆಯಿಡುವ ಹೆಣ್ಣು, ಅದನ್ನು ಬಿಡಬೇಕು ಎಂಬುದು ಗೊತ್ತಿತ್ತು, ಬಿಡುವ ಮನಸ್ಸೂ ಇತ್ತು. ಕೈ ಒದ್ದೆ ಮಾಡಿಕೊಂಡೇ ಹಿಡಿದೆ, ಗಾಳ ನಿಧಾನ ಬಿಡಿಸಿದೆ, ಫೋಟೊ ಕೂಡ ತೆಗೆಯಲಿಲ್ಲ. ಬಾಯಲ್ಲಿ ನಸುಗೆಂಪಿನ ಗುಳ್ಳೆಯಂಥದ್ದು ಕಂಡಿತು, ನಾಲಗೆ ಎಂದುಕೊಂಡೆ. ನೀರಿಗೆ ಬಿಟ್ಟರೆ ಒಮ್ಮೆ ಬಾಲ ಬಡಿಯಿತು, ಎರಡು ಮೊಳ ಇಳಿಯಿತು, ಮತ್ತೆ ಹೊಟ್ಟೆ ಮೇಲಾಗಿ ತೇಲಿ ಬಂತು. ಬಾಲ ಹಿಡಿದು ನೆಟ್ಟಗೆ ನಿಲ್ಲಿಸಿದೆ. ಇಪ್ಪತ್ತು ನಿಮಿಷ ದೋಣಿಯ ಪಕ್ಕ ಬಗ್ಗಿ ಹಿಡಿದುಕೊಂಡೇ ಇದ್ದೆ. ಕೈ ಬಿಟ್ಟರೆ ಮತ್ತೆ ಮಗುಚುತ್ತಿತ್ತು. ಕಿವಿರು ಆಡುತ್ತಲೇ ಇತ್ತು, ಕಣ್ಣು ಹೊರಗೆ ಉಬ್ಬಿತ್ತು. ಕೊನೆಗೆ ದೂರ ಸರಿದಾಗ ಎರಡು ಗಲ್ ಹಕ್ಕಿಗಳು ಬಂದು ಕುಕ್ಕತೊಡಗಿದವು, ಮೀನು ಇನ್ನೂ ಅಲುಗುತ್ತಿತ್ತು.

ಆ ನಸುಗೆಂಪು ಗುಳ್ಳೆ ನಾಲಗೆಯಲ್ಲ, ಹೊಟ್ಟೆಯ ಚೀಲ. ಮೀನಿನ ಒಡಲಲ್ಲಿ ತೇಲುವುದಕ್ಕೆಂದು ಒಂದು ಗಾಳಿಚೀಲ ಇರುತ್ತದೆ. ಸುಮಾರು 33 ಅಡಿ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿಂದ ಒಂದೇ ಉಸಿರಿಗೆ ಎಳೆದು ತಂದರೆ ಚೀಲದ ಗಾಳಿ ಎರಡರಷ್ಟಾಗಿ ಉಬ್ಬುತ್ತದೆ, ಹೊಟ್ಟೆಯನ್ನು ಬಾಯಿಗೆ ತಳ್ಳುತ್ತದೆ. ಪೈಕ್, ಟ್ರೌಟ್‌ಗಳಿಗೆ ಆ ಗಾಳಿಯನ್ನು ಬಾಯಿಂದ ಬಿಟ್ಟುಬಿಡುವ ದಾರಿಯಿದೆ. ವಾಲೈ, ಪರ್ಚ್, ಕ್ರಾಪಿಗಳಿಗೆ ಆ ದಾರಿಯಿಲ್ಲ. ಜೊತೆಗೆ ತಣ್ಣೀರಿನಿಂದ ಬಂದ ದಣಿದ ಮೀನನ್ನು ನಾವು ಬಿಡುವುದು ಮೇಲಿನ ಬಿಸಿನೀರಿಗೆ. ಇಲ್ಲಿಯ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು 30 ಅಡಿಗಿಂತ ಆಳದಲ್ಲಿ ಹಿಡಿದು ಬಿಡುವ ಆಟ ಬೇಡ ಎಂದು ಹೇಳುವುದು ಇದಕ್ಕೇ. ಅಂದಿನಿಂದ ಜುಲೈ, ಆಗಸ್ಟ್‌ನಲ್ಲಿ ನಾನು 25 ಅಡಿಗಿಂತ ಕೆಳಗೆ ಗಾಳ ಇಳಿಸಿಲ್ಲ.

ಆಳವಿಲ್ಲದ ಕೆರೆಯಲ್ಲಿ ಕಷ್ಟ ಬೇರೆ ತರಹ. ಮಿಲ್ ಲ್ಯಾಕ್ಸ್ ಎಂಬ ಕೆರೆ 1,32,000 ಎಕರೆ, ನಮ್ಮ ಲಿಂಗನಮಕ್ಕಿಯ ಹಿನ್ನೀರಿಗಿಂತ ವಿಸ್ತಾರ, ಆದರೆ ಎಲ್ಲಿ ಅಳೆದರೂ 42 ಅಡಿ ದಾಟುವುದಿಲ್ಲ. ಗಾಳಿ ಇಡೀ ಕೆರೆಯನ್ನು ಕಲಕುವುದರಿಂದ ಬೇಸಿಗೆಯಲ್ಲಿ ತಳದವರೆಗೂ ಬೆಚ್ಚಗಾಗುತ್ತದೆ. ಹಿಡಿದು ಬಿಟ್ಟ ವಾಲೈಗಳಲ್ಲಿ ಸಾಯುವ ಪಾಲು ನೀರು ಬೆಚ್ಚಗಾದಷ್ಟೂ ಏರುತ್ತದೆ. ಅಲ್ಲಿ ಮೀನು ಹಿಡಿಯುವ ಹಕ್ಕು ಇಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಬುಡಕಟ್ಟುಗಳಿಗೂ ಇದೆ. ಅಮೆರಿಕ ಸರ್ಕಾರದ ಜೊತೆಗಿನ 1837ರ ಒಪ್ಪಂದದಲ್ಲಿ ಅವರು ಉಳಿಸಿಕೊಂಡ ಆ ಹಕ್ಕನ್ನು ಇಲ್ಲಿಯ ಸುಪ್ರೀಂ ಕೋರ್ಟ್ 1999ರಲ್ಲಿ ಎತ್ತಿಹಿಡಿಯಿತು. ಅವರಿಗಿಷ್ಟು, ಉಳಿದವರಿಗಿಷ್ಟು ಎಂದು ಪಾಲು ಹಂಚಿಕೆಯಾಗುತ್ತದೆ, ಗಾಳದವರ ಪಾಲಿನಲ್ಲಿ ಮನೆಗೆ ಒಯ್ದ ಮೀನಷ್ಟೇ ಅಲ್ಲ, ಬಿಟ್ಟ ಮೇಲೆ ಸತ್ತವೂ ಲೆಕ್ಕಕ್ಕೆ ಬರುತ್ತವೆ. 2017ರ ಜುಲೈನಲ್ಲಿ ಅಲ್ಲಿ ವಾಲೈಗೆ ಗಾಳ ಹಾಕುವುದನ್ನೇ ಕೆಲವು ವಾರ ನಿಲ್ಲಿಸಿದ್ದರು. ಆ ನಿರ್ಧಾರಕ್ಕೆ ಬೈದವರು ಬಹಳ ಜನ. ನನಗೆ ಅದು ಸರಿಯಾದ ಕೆಲಸ ಎನಿಸಿತು, ಈಗಲೂ ಹಾಗೆಯೇ ಅನಿಸುತ್ತದೆ. ತೇಲಿಹೋದ ಮೀನೂ ಕೆರೆಯಿಂದ ಕಳೆದ ಮೀನೇ.

ಹಾಗಾದರೆ ಬೇಸಿಗೆಗೆ ಬಂದವರು ಏನು ಮಾಡಬೇಕು? ವಾಲೈಯೇ ಬೇಕೆಂದರೆ ಸಂಜೆ ಏಳರ ಮೇಲೆ ಹೊರಡಿ. ಜೂನ್, ಜುಲೈಯಲ್ಲಿ ಇಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ. ಗಾಳಿ ಯಾವ ದಡಕ್ಕೆ ಬೀಸುತ್ತಿದೆಯೋ ಆ ದಡಕ್ಕೇ ಹೋಗಿ. ಅಲೆ ಬಡಿಯುವಲ್ಲಿ ದೋಣಿ ನಿಲ್ಲಿಸುವುದು ಕಷ್ಟ, ಆದರೆ ಗಾಳಿ ಸಣ್ಣ ಜೀವಿಗಳನ್ನು ಆ ಕಡೆಗೆ ತಳ್ಳಿರುತ್ತದೆ, ಅವನ್ನು ತಿನ್ನಲು ಮರಿಮೀನು, ಮರಿಮೀನಿನ ಹಿಂದೆ ವಾಲೈ. ಅಲೆ ಎದ್ದ ನೀರಿನೊಳಗೆ ಬೆಳಕೂ ಒಡೆದು ಮಬ್ಬಾಗಿರುತ್ತದೆ. ಹತ್ತು ಅಡಿ ನೀರಿನ ಕಲ್ಲುದಿಬ್ಬದ ಮೇಲೆ, ದಾರ ಜಾರುವಂಥ ಬೆಂಡು ಕಟ್ಟಿ, ತಳದಿಂದ ಒಂದು ಅಡಿ ಮೇಲೆ ನಿಲ್ಲುವಂತೆ ಒಂದು ಜಿಗಣೆಯನ್ನು ಗಾಳಕ್ಕೆ ಸಿಕ್ಕಿಸಿ. ಹೌದು, ಜಿಗಣೆಯೇ! ಮಲೆನಾಡಿನ ಮಳೆಗಾಲದಲ್ಲಿ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಉಂಬಳಕ್ಕೆ ಹೆದರಿ ನಡೆದವಳು ನಾನು. ಇಲ್ಲಿ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುತ್ತೇನೆ. ಈ ಜಾತಿ ಮನುಷ್ಯರ ರಕ್ತ ಹೀರುವುದಿಲ್ಲ. ಹೀರುವ ತುದಿಗೆ ಗಾಳ ಚುಚ್ಚಿದರೆ ನೀರಿನಲ್ಲಿ ರಿಬ್ಬನ್‌ನಂತೆ ಬಳುಕುತ್ತಲೇ ಇರುತ್ತದೆ. ಬೆಂಡು ಥಟ್ಟನೆ ಮುಳುಗುವುದಿಲ್ಲ, ಒಂದು ಪಕ್ಕಕ್ಕೆ ವಾಲಿ ಮೆಲ್ಲಗೆ ಕೆಳಗಿಳಿಯುತ್ತದೆ. ಮೂರು ಎಣಿಸಿ, ಆಮೇಲೆ ಎಳೆಯಿರಿ. ಅದಕ್ಕಿಂತ ತಡ ಮಾಡಿದರೆ ಗಾಳ ಗಂಟಲಿಗೆ ಇಳಿಯುತ್ತದೆ. ಇಳಿದರೆ ಕಿತ್ತು ತೆಗೆಯಬೇಡಿ, ದಾರ ಕತ್ತರಿಸಿ ಬಿಡಿ.

ಬಿರುಮಳೆಗೆ ಮೊದಲು ಮೋಡ ಕವಿದ ಸಂಜೆ ಮೀನು ಚೆನ್ನಾಗಿ ಕಚ್ಚುತ್ತದೆ. ಮಳೆ ಹೋಗಿ ಮಾರನೆಯ ದಿನ ಆಕಾಶ ತೊಳೆದಂತೆ ನೀಲಿಯಾದರೆ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಆದರೆ ಗುಡುಗು ಕೇಳಿದರೆ ಕೂಡಲೇ ದಡಕ್ಕೆ ಬನ್ನಿ, ಕೈಯಲ್ಲಿರುವ ಗ್ರಾಫೈಟ್ ಕೋಲಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಮಸ್ಕಿಯ ಆಸೆಯಿಂದ ಬಂದವರು ಮೇಲಿನ ನೀರು 27 ಡಿಗ್ರಿ ಮುಟ್ಟಿದರೆ ಅದನ್ನು ಕೈಬಿಡಿ. ಅಷ್ಟು ಬಿಸಿಯಲ್ಲಿ ಹೋರಾಡಿ ದಣಿದ ಮಸ್ಕಿ ಬಿಟ್ಟ ಮೇಲೆ ಬದುಕುವುದು ಕಷ್ಟ.

ನಿಜ ಹೇಳಬೇಕೆಂದರೆ ಅಪ್ಪ-ಅಮ್ಮಂದಿರಿಗೆ, ಮೊಮ್ಮಕ್ಕಳಿಗೆ ದೋಣಿಯೂ ಬೇಡ, ವಾಲೈಯೂ ಬೇಡ. ದಡದಿಂದ ನೀರಿಗೆ ಚಾಚಿದ ಮರದ ಅಟ್ಟ ಪ್ರತಿ ಊರಿನ ಕೆರೆಯಲ್ಲೂ ಇರುತ್ತದೆ. ಅದರ ನೆರಳಿನಲ್ಲಿ, ನೈದಿಲೆಯ ಎಲೆಗಳ ನಡುವೆ ಬ್ಲೂಗಿಲ್ ಇರುತ್ತದೆ. ಅಂಗೈಯಗಲದ ಮೀನು, ಎದೆ ಅರಿಸಿನ-ಕುಂಕುಮದ ಬಣ್ಣ. ಆರು ಅಡಿ ನೀರಿನ ಮೀನಾದ್ದರಿಂದ ಒತ್ತಡದ ತೊಂದರೆ ಇಲ್ಲ, ಬಿಟ್ಟರೆ ಬದುಕುತ್ತದೆ. ಹೋದ ವರ್ಷ ಅಮ್ಮ ಬಂದಾಗ ಅಂಥ ಅಟ್ಟದ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ಎರೆಹುಳದ ಬೆರಳುಗುರಿನಷ್ಟು ತುಂಡು, ಸಣ್ಣ ಗಾಳ, ಬೆಂಡು. ನೀರು ತಿಳಿಯಿದ್ದುದರಿಂದ ತಳದ ಮರಳಿನಲ್ಲಿ ತಟ್ಟೆಯಂಥ ಗುಂಡಿಗಳು ಕಾಣುತ್ತಿದ್ದವು. ಒಂದೊಂದರ ಮೇಲೂ ಒಂದೊಂದು ಗಂಡು ಮೀನು ಬಾಲದಿಂದ ಗಾಳಿ ಬೀಸುತ್ತ ಮೊಟ್ಟೆ ಕಾಯುತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ನೋಡಿ, ‘ಇವು ಬಾಣಂತನ ಮಾಡ್ತಾ ಇದಾವೆ, ಆ ಕಡೆ ಹಾಕೋಣ’ ಎಂದು ಕೋಲನ್ನು ಅಟ್ಟದ ಇನ್ನೊಂದು ಮಗ್ಗುಲಿಗೆ ಒಯ್ದರು. ಯಾವ ಇಲಾಖೆಯ ಕೈಪಿಡಿಯನ್ನೂ ಅವರು ಓದಿರಲಿಲ್ಲ. ಮೊಟ್ಟೆ ಕಾಯುವ ಗಂಡನ್ನು ಎತ್ತಿದರೆ ನಿಮಿಷದಲ್ಲಿ ಬೇರೆ ಮೀನುಗಳು ಗೂಡು ಬರಿದು ಮಾಡುತ್ತವೆ.

ಆರು ಮೀನು ಮನೆಗೆ ತಂದೆವು. ಊರಿಂದ ತಂದಿದ್ದ ಉಪ್ಪಾಗೆ ಹುಳಿ ಹಾಕಿ ಸಾರು ಮಾಡಿದರು. ಪೈಕ್ ಸಿಕ್ಕರೆ ಇಲ್ಲಿಯವರು ಮುಳ್ಳು ಹೆಚ್ಚೆಂದು ಬಿಸಾಡುವುದುಂಟು. ಹೊಳೆಮೀನು ತಿಂದು ಬೆಳೆದ ನಮಗೆ ಅದೇನು ದೊಡ್ಡದಲ್ಲ, ತಿನ್ನುವುದಾದರೆ ಚಿಕ್ಕ ಪೈಕ್ ತನ್ನಿ. ಒಂದು ಮಾತನ್ನು ಮಾತ್ರ ಮನಸ್ಸಿಟ್ಟು ಕೇಳಿ: ಬೇರೆ ಮೀನು ತಿಂದು ದೊಡ್ಡದಾದ ಮೀನಿನಲ್ಲಿ ಪಾದರಸ ಸೇರಿರುತ್ತದೆ. ಬಸುರಿ, ಬಾಣಂತಿ, ಸಣ್ಣ ಮಕ್ಕಳಿಗೆ ದೊಡ್ಡ ವಾಲೈ, ದೊಡ್ಡ ಪೈಕ್ ಬೇಡ. ಮಗಳ ಬಾಣಂತನಕ್ಕೆಂದೇ ಬರುವ ಅಮ್ಮಂದಿರು ಬಹಳ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ. ಯಾವ ಕೆರೆಯ ಯಾವ ಮೀನನ್ನು ಎಷ್ಟು ತಿನ್ನಬಹುದೆಂದು ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಕೊಡುತ್ತದೆ.

ಎರೆಹುಳದ ವಿಷಯವೂ ಇದೆ. ನಮ್ಮಲ್ಲಿ ಅದು ರೈತನ ಮಿತ್ರ, ಉಳಿದ ಹುಳವನ್ನು ಗಿಡದ ಬುಡಕ್ಕೆ ಚೆಲ್ಲುವುದು ಪುಣ್ಯದ ಕೆಲಸವೇ. ಇಲ್ಲಿ ಹಾಗೆ ಮಾಡಬೇಡಿ. ಹಿಮಯುಗ ಕಳೆದ ಮೇಲೆ ಈ ಕಾಡುಗಳಲ್ಲಿ ಸ್ಥಳೀಯ ಎರೆಹುಳವೇ ಇರಲಿಲ್ಲ. ಹೊರಗಿನಿಂದ ಬಂದ ಹುಳಗಳು ಮೇಪಲ್ ಕಾಡಿನ ನೆಲದ ಒಣಗೆಲೆಯ ಹಾಸನ್ನು ತಿಂದು ಮುಗಿಸುತ್ತವೆ, ಆ ಹಾಸಿನಲ್ಲೇ ಮೊಳೆಯಬೇಕಾದ ಸಸಿಗಳು, ಕಾಡುಹೂಗಳು ಇಲ್ಲವಾಗುತ್ತವೆ. ಉಳಿದ ಹುಳವನ್ನು ಕಸದ ಡಬ್ಬಿಗೇ ಹಾಕಿ. ದೋಣಿ ಮೇಲೆತ್ತಿದ ಕೂಡಲೇ ತಳದ ಬಿರಡೆ ತೆಗೆದು ನೀರು ಹರಿಸಿ, ಅಂಟಿದ ಗಿಡವೆಲ್ಲ ಕಿತ್ತುಹಾಕುವುದು ಇಲ್ಲಿ ಕಾನೂನು. ಜೀಬ್ರಾ ಮಸೆಲ್ ಎಂಬ ಉಗುರಿನಗಲದ ಚಿಪ್ಪುಜೀವಿ ಕೆರೆಯಿಂದ ಕೆರೆಗೆ ಹೋಗುವುದು ಹಾಗೆಯೇ. ಅದರ ಕಣ್ಣಿಗೆ ಕಾಣದ ಮರಿ ಒಂದು ಲೋಟ ನೀರಿನಲ್ಲಿ ಇರಬಹುದು.

ಪರವಾನಗಿ ಇಲ್ಲದೆ ಗಾಳ ಮುಟ್ಟಬೇಡಿ. ‘ಅಪ್ಪ ಸುಮ್ಮನೆ ಕೋಲು ಹಿಡಿದುಕೊಂಡಿದ್ದರು ಅಷ್ಟೇ’ ಎಂಬ ಮಾತನ್ನು ತಪಾಸಣೆಗೆ ಬರುವ ಅಧಿಕಾರಿ ಒಪ್ಪುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಹೊರಗಿನವರ ಲೆಕ್ಕ. ಅವರಿಗೆ 24 ಗಂಟೆಯ, 72 ಗಂಟೆಯ, 7 ದಿನದ ಪರವಾನಗಿ ಸಿಗುತ್ತವೆ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ.

ಈ ಪತ್ರವನ್ನು ಆದಷ್ಟು ಬೇಗ ಪ್ರಕಟಿಸಬೇಕೆಂದು ಕೋರಲು ಇನ್ನೊಂದು ಕಾರಣವಿದೆ. ಗಾಳದ ಹವ್ಯಾಸವಿರುವ ಮಾವಂದಿರು ಊರಿಂದ ಸೂಟ್‌ಕೇಸಿನಲ್ಲಿ ಸೀಸದ ಗುಂಡು ಕಟ್ಟಿಕೊಂಡು ಬರುತ್ತಾರೆ. ಇಲ್ಲಿ ಲೂನ್ ಎಂಬ ಹಕ್ಕಿಯಿದೆ. ಮೈಮೇಲೆ ಕಪ್ಪು-ಬಿಳಿ ಚೌಕುಳಿ, ಕೆಂಪು ಕಣ್ಣು. ರಾತ್ರಿ ಅದು ಕೂಗಿದರೆ ಇಡೀ ಕೆರೆಗೆ ಕೇಳುತ್ತದೆ. ಆಹಾರ ಅರೆಯಲೆಂದು ಅದು ತಳದ ಸಣ್ಣ ಕಲ್ಲುಗಳನ್ನು ನುಂಗುತ್ತದೆ, ಕಲ್ಲಿನ ಜೊತೆ ಹರಿದುಬಿದ್ದ ಗಾಳದ ಗುಂಡನ್ನೂ ನುಂಗುತ್ತದೆ. ಸೀಸ ವಿಷ, ಹಕ್ಕಿಯನ್ನು ಕೊಲ್ಲಲು ಒಂದು ಗುಂಡು ಸಾಕು. ತವರ, ಟಂಗ್‌ಸ್ಟನ್, ಉಕ್ಕಿನ ಗುಂಡುಗಳು ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಸೀಸದವನ್ನು ಊರಲ್ಲೇ ಬಿಟ್ಟು ಬನ್ನಿ, ಸೂಟ್‌ಕೇಸಿನ ಆ ಜಾಗದಲ್ಲಿ ಒಂದು ಪೊಟ್ಟಣ ಉಪ್ಪಾಗೆ ತನ್ನಿ.

– ನಿಮ್ಮ ಓದುಗಿ
ಸೇಂಟ್ ಕ್ಲೌಡ್, ಮಿನ್ನೆಸೋಟ